ಹಲ್ಲಜ್ಜನ ಜೋಡಿರೆಕ್ಕೆ ವಿಮಾನ

ನಮ್ಮ ಬೀದಿಯ ಮಕ್ಕಳು ಮಾವನನ್ನು ಹಲ್ಲಜ್ಜ ಅಂತ ಕರೆಯುತ್ತಾರೆ. ಮಾವ ಎಂದರೆ ನನ್ನ ಗಂಡನ ಅಪ್ಪ. ದೊಡ್ಡಾಸ್ಪತ್ರೆಯ ಹಿಂಬದಿಯ ಕೋಣೆಯೊಂದರಲ್ಲಿ ಕೂತು ಜೀವಮಾನವಿಡೀ ಹಲ್ಲಿನ ಸೆಟ್ಟು ಮಾಡಿದವರು. ಬಾಯಿ ನೋಡುವುದು ಡಾಕ್ಟರ ಕೆಲಸ. ಮಾವನ ಕೈಗೆ ಬರುತ್ತಿದ್ದದ್ದು ಆ ಬಾಯಿಯ ಅಚ್ಚು ಮಾತ್ರ. ಅದಕ್ಕೆ ಪ್ಲಾಸ್ಟರ್ ಹುಯ್ದು, ಮೇಣದಲ್ಲಿ ಒಸಡು ತಿದ್ದಿ, ಒಂದೊಂದೇ ಹಲ್ಲನ್ನು ಸಾಲಿಗೆ ಕೂರಿಸಬೇಕು. ಈ ಊರಿನ ಅರ್ಧಕ್ಕರ್ಧ ಮುದುಕರು ಮಾವ ಕೂರಿಸಿದ ಹಲ್ಲಲ್ಲೇ ಅಗಿಯುತ್ತಾರೆ, ಆ ಹಲ್ಲಲ್ಲೇ ಸೊಸೆಯರನ್ನು ಬೈಯುತ್ತಾರೆ. ಎದುರುಮನೆಯ ಟೈಲರಂತೂ ಮಾವ ಕಂಡರೆ ನಮಸ್ಕಾರದ ಬದಲು ಹಲ್ಲು ಕಿರಿಯುತ್ತಾರೆ. ಮಾವ ದೂರದಿಂದಲೇ ಪರೀಕ್ಷೆ ಮಾಡಿ, ಸರಿಯಿದೆ ಎಂಬಂತೆ ತಲೆಯಾಡಿಸುತ್ತಾರೆ.

ನಿವೃತ್ತಿಯಾದ ಮೇಲೆ ಮನುಷ್ಯ ಪೇಪರು ಓದಿಕೊಂಡು ಸುಮ್ಮನಿರಬೇಕು ತಾನೇ? ಮಾವ ಒಂದು ದಿನ ಪೇಟೆಯಿಂದ ಒಂದು ಡಬ್ಬ ತಂದರು. ಒಳಗೆ ಪ್ಲಾಸ್ಟಿಕ್ಕಿನ ಚೂರುಗಳು. ಜೋಡಿಸಿದರೆ ಹಳೇ ಕಾಲದ ಯುದ್ಧವಿಮಾನವಾಗುತ್ತದಂತೆ, ಒಂದರ ಮೇಲೊಂದು ಎರಡು ರೆಕ್ಕೆ, ನಡುವೆ ಕಡ್ಡಿಯಷ್ಟು ತೆಳ್ಳನೆಯ ಕಂಬಗಳು.

"ಈ ವಯಸ್ಸಲ್ಲಿ ಆಟದ ಸಾಮಾನಾ?" ಅತ್ತೆ ಮೂಗು ಮುರಿದರು. "ಇಷ್ಟು ವರ್ಷ ಮೈಮೇಲೆಲ್ಲ ಪ್ಲಾಸ್ಟರ್ ಪುಡಿ ತಂದ್ರಿ, ಗುಡಿಸಿದೆ. ಈಗ ಊಟದ ಮೇಜೂ ಹೋಯ್ತು."

ಅತ್ತೆ ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಕಿಟಕಿಯ ಪಕ್ಕದ ಅರ್ಧ ಮೇಜು ಮಾವನ ಪಾಲಾಯಿತು. ಮೇಣದ ಚಾಕು, ಚಿಮಟ, ನಾಲ್ಕೇ ಕೂದಲಿನ ಕುಂಚ, ಎಲ್ಲ ಹಳೇ ಕೆಲಸದ ಸಲಕರಣೆಗಳೇ. ಮಾತೂ ಹಳೆಯದೇ. ಕೆಳಗಿನ ರೆಕ್ಕೆ ಅವರ ಬಾಯಲ್ಲಿ ಕೆಳದವಡೆ, ಮೇಲಿನದು ಮೇಲ್ದವಡೆ. ನಮಗೂ ಅದೇ ಅಭ್ಯಾಸವಾಯಿತು. "ಕೆಳದವಡೆ ಒಣಗ್ತಾ ಇದೆ, ಮೇಜು ಅಲ್ಲಾಡಿಸ್ಬೇಡ" ಎಂದು ಅತ್ತೆಯೇ ನನ್ನನ್ನು ಗದರುವಷ್ಟು.

ಬಣ್ಣದ ವಿಷಯದಲ್ಲಿ ಮಾವ ಮಹಾ ಹಟಮಾರಿ. ಡಬ್ಬದ ಮೇಲೆ ಹಸಿರು ಅಂತಿದ್ದರೆ ಹಸಿರು ಬಳಿದು ಕೈತೊಳೆದುಕೊಳ್ಳಬಾರದೇ? ಅದಕ್ಕೆ ಕಂದು ಸೇರಿಸಿ, ಬೂದು ಸೇರಿಸಿ, ಉಗುರಿನ ಮೇಲೆ ಹಚ್ಚಿ, ಬಿಸಿಲಿಗೆ ಹಿಡಿದು ನೋಡುತ್ತಿದ್ದರು.

"ಹೊಸಾ ಬಿಳೀ ಹಲ್ಲು ಯಾರ ಮುಖಕ್ಕೂ ಒಪ್ಪಲ್ಲ ಕಣಮ್ಮ," ಎನ್ನುತ್ತಿದ್ದರು. "ವಿಮಾನಾನೂ ಅಷ್ಟೇ. ಸ್ವಲ್ಪ ಹೊಗೆ ಕುಡಿದಿರ್ಬೇಕು, ಸ್ವಲ್ಪ ಮಳೆ ಕಂಡಿರ್ಬೇಕು."

ಕೈ ನಡುಗಲು ಶುರುವಾದದ್ದು ಕೆಳಗಿನ ರೆಕ್ಕೆ ಅಂಟಿಸಿದ ಮೇಲೆ. ಮೊದಲು ನಮಗೆ ಗೊತ್ತಾಗದ ಹಾಗೆ ಬಲಗೈಯನ್ನು ತೊಡೆಯ ಕೆಳಗಿಟ್ಟುಕೊಂಡು ಕೂರುತ್ತಿದ್ದರು. ಲೋಟ ತಟ್ಟೆಗೆ ಬಡಿದು ಸದ್ದು ಮಾಡಿದ ದಿನ ಗುಟ್ಟು ರಟ್ಟಾಯಿತು. ಇದನ್ನು ನಿಧಾನ ಮಾಡಬಹುದು, ನಿಲ್ಲಿಸಲಾಗದು ಎಂದರು ಡಾಕ್ಟರು. ಮಾವ ಆ ಮಾತನ್ನು ಬೇರೆ ಯಾರದೋ ಕೈಯ ಸುದ್ದಿ ಎಂಬಂತೆ ಕೇಳಿಸಿಕೊಂಡರು. ಬೆಳಿಗ್ಗೆ ಮಾತ್ರೆ ನುಂಗಿದ ಮೇಲೆ ಸ್ವಲ್ಪ ಹೊತ್ತು ಕೈ ಹೇಳಿದ ಮಾತು ಕೇಳುತ್ತದೆ. ಮಾವ ಆ ಸ್ವಲ್ಪ ಹೊತ್ತಿಗಾಗಿಯೇ ದಿನವಿಡೀ ಕಾಯತೊಡಗಿದರು.

ಉಪಾಯವನ್ನೂ ಹೂಡಿದ್ದರು. ದವಡೆಯ ಅಚ್ಚು ಮಾಡುವ ಹಾಗೆ ಪ್ಲಾಸ್ಟರಿನಲ್ಲಿ ಒಂದು ಪೀಠ ಮಾಡಿದರು. ವಿಮಾನವನ್ನು ಅದರಲ್ಲಿ ಇಳಿಸಿ, ಮೇಲಿನ ರೆಕ್ಕೆಯನ್ನು ಅದರ ಅಂಚುಗಳ ಮೇಲೆ ಇಟ್ಟರೆ ಸಾಕು, ಕೈ ಎಷ್ಟೇ ಕುಣಿದರೂ ರೆಕ್ಕೆ ತನ್ನ ಜಾಗಕ್ಕೇ ಬಂದು ಕೂರುತ್ತದೆ.

ಉಳಿದದ್ದು ಪೈಲಟ್. ಉಗುರಿನಷ್ಟು ಗಾತ್ರದ ಮನುಷ್ಯ, ಅಗಲ ಭುಜ, ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡಿದ್ದಾನೆ. ಆ ವಿಮಾನದಲ್ಲಿ ಮೇಲಿನ ರೆಕ್ಕೆ ಸೀಟಿನ ಮೇಲೆಯೇ ಹಾಯುತ್ತದೆ. ಅವನನ್ನು ನೇರ ಮೇಲಿನಿಂದ ಕೂರಿಸಿ, ಆಮೇಲೆ ರೆಕ್ಕೆ ಮುಚ್ಚಬೇಕು. ಮಾವ ಎಷ್ಟೋ ಬೆಳಗು ಅವನ ಮುಖದ ಮೇಲೇ ಕಳೆದರು. ಒಂದು ದಿನ ಭೂತಗನ್ನಡಿ ಕೊಟ್ಟು ನೋಡು ಎಂದರು. ನೋಡಿದೆ. ಪುಣ್ಯಾತ್ಮನಿಗೆ ಹಲ್ಲು ಬರೆದಿದ್ದರು! ತುಟಿ ಚೂರು ತೆರೆದು, ಒಳಗೊಂದು ಬಿಳಿ ಗೆರೆ.

"ಯುದ್ಧಕ್ಕೆ ಹೊರಟೋನಿಗೆ ಹಲ್ಲು ಯಾಕೆ ಮಾವ?"

"ನಾನು ಯಾರನ್ನೂ ಬೋಳುಬಾಯಲ್ಲಿ ಕಳಿಸಿಲ್ಲ ಕಣಮ್ಮ." ನಕ್ಕರು. ಆಮೇಲೆ ನಗು ನಿಲ್ಲಿಸಿ ಹೇಳಿದರು: "ಇವನನ್ನ ನಾನೇ ಕೂರಿಸ್ಬೇಕು. ಅದಾದ್ಮೇಲೆ ಈ ಕೈಗೆ ರಜಾ ಕೊಟ್ಬಿಡ್ತೀನಿ, ಎಷ್ಟಾದ್ರೂ ಕುಣೀಲಿ."

ಪೈಲಟನನ್ನು ಖಾಲಿ ಬೆಂಕಿಪೆಟ್ಟಿಗೆಯಲ್ಲಿ ಒಣಗಲು ಮಲಗಿಸಿ, ಮಾತ್ರೆಗಳ ಪಕ್ಕದಲ್ಲಿಟ್ಟರು. ಮಾರನೆಯ ದಿನ ಆಸ್ಪತ್ರೆಗೆ ಹೋಗಬೇಕಿತ್ತು. ಹೊರಡುವಾಗ ಮಾವ ಬಾಗಿಲಲ್ಲಿ ನಿಂತು ಮೇಜಿನ ಕಡೆ ತಿರುಗಿ, "ಮೇಲ್ದವಡೆ ಒಂದು ಕೂತ್ರೆ ಮುಗೀತು" ಎಂದರು. ಅತ್ತೆ ಚಪ್ಪಲಿ ತೆಗೆದುಕೊಡುತ್ತಿದ್ದರು.

ಮಾವನನ್ನು ಕರೆದುಕೊಂಡು ಹೋದವಳು ನಾನು. ವಾಪಸು ಬರುವಷ್ಟರಲ್ಲಿ ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು. ಮದುವೆಯಾಗಿ ಬಂದಾಗಿನಿಂದ ಆ ಮುಖ ಅಷ್ಟು ಅರಳಿದ್ದನ್ನು ನಾನು ಕಂಡಿರಲಿಲ್ಲ.

"ಬನ್ನಿ, ಮೊದಲು ಮೇಜು ನೋಡಿ."

ವಿಮಾನ ಪೀಠದಿಂದ ಇಳಿದು ನಿಂತಿತ್ತು. ಎರಡೂ ರೆಕ್ಕೆ, ಎಲ್ಲ ಕಂಬ, ಕೂದಲೆಳೆಯಷ್ಟೂ ವಾಲಿಲ್ಲ. ರವಿಕೆ ಹೊಲಿದು ಪಳಗಿದ ಕೈ ಅತ್ತೆಯದು. ಮಾವ ತಮ್ಮ ನಡುಗುವ ಕೈಗೆಂದು ಮಾಡಿಕೊಂಡ ಪೀಠ ಆ ಕೈಗೆ ಹೂವಿನಷ್ಟು ಸಲೀಸಾಗಿತ್ತು.

"ದಿನಾ ಆ ಕೈ ಜೊತೆ ನೀವು ಗುದ್ದಾಡೋದು ನನ್ನ ಕೈಲಿ ನೋಡಕ್ಕಾಗ್ಲಿಲ್ಲ ಕಣ್ರೀ," ಎಂದರು ಅತ್ತೆ. "ಒಂದು ದವಡೆ ತಾನೇ ಬಾಕಿ ಇದ್ದದ್ದು? ನಾನೇ ಕೂರಿಸ್ಬಿಟ್ಟೆ."

ರೆಕ್ಕೆಯ ನೆರಳಲ್ಲಿ ಸೀಟು ಖಾಲಿ ಇತ್ತು. ಇನ್ನು ಅದರೊಳಗೆ ಪೈಲಟ್ ಇಳಿಯುವ ದಾರಿಯಿರಲಿಲ್ಲ. ಬಾಯಿ ತೆರೆದೆ. ಮಾವ ನನ್ನ ಕಡೆ ಒಂದು ನೋಟ ನೋಡಿದರು, ಬಾಯಿ ಮುಚ್ಚಿದೆ. ಅವರು ಬಗ್ಗಿ ಆ ಕಡೆಯಿಂದ ನೋಡಿದರು, ಈ ಕಡೆಯಿಂದ ನೋಡಿದರು.

"ನನ್ನ ಕೈಲೂ ಇಷ್ಟು ನೆಟ್ಟಗೆ ಕೂರ್ತಿರ್ಲಿಲ್ಲ," ಎಂದರು. ಅದು ನಿಜವೂ ಆಗಿತ್ತು, ನನ್ನನ್ನು ಹೆಚ್ಚು ಸುಟ್ಟದ್ದು ಅದೇ.

ಅತ್ತೆ ಸ್ನಾನಕ್ಕೆ ಹೋದಾಗ ತಡೆಯಲಾಗದೆ ಕೇಳಿದೆ. "ಮಾವ, ಕಿತ್ತು ಮತ್ತೆ ಅಂಟಿಸಿದ್ರೆ?"

"ಆ ಅಂಟು ಪ್ಲಾಸ್ಟಿಕ್ಕನ್ನೇ ಕರಗಿಸಿ ಒಂದು ಮಾಡುತ್ತೆ. ಕಿತ್ರೆ ಕಂಬಾನೂ ಬರುತ್ತೆ, ರೆಕ್ಕೇನೂ ಬರುತ್ತೆ." ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡರು. "ಅದು ಹೋಗ್ಲಿ, ಇವಳ ಮುಖ ನೋಡ್ದಿಯಾ? ಅದು ಒಡೆದ್ರೆ ಏನ್ ಹಾಕಿ ಅಂಟಿಸ್ಲಿ?"

ನನಗೆ ಎಲ್ಲರ ಮೇಲೂ ಸಿಟ್ಟು ಬಂತು. ಕೇಳದೆ ಕೈಹಾಕಿದ ಅತ್ತೆಯ ಮೇಲೆ, ಒಂದು ಮಾತು ಬೈಯದ ಮಾವನ ಮೇಲೆ, ಅದೇ ದಿನ ಬರಹೇಳಿದ ಆಸ್ಪತ್ರೆಯವರ ಮೇಲೆ. ಸಿಟ್ಟು ಮಾಡಿಕೊಂಡು ಏನು ಮಾಡಿದೆ? ಪಾತ್ರೆ ತೊಳೆದೆ.

ಸಂಜೆ ಟೈಲರು ವಿಮಾನ ನೋಡಲು ಬಂದರು. ಅತ್ತೆ ಸೆರಗು ಸಿಕ್ಕಿಸಿಕೊಂಡು, "ಮೇಲಿನ ರೆಕ್ಕೆ ನಾನೇ ಕೂರಿಸಿದ್ದು" ಎಂದರು. ಟೈಲರು ಕನ್ನಡಕ ಏರಿಸಿ ಬಗ್ಗಿದರು.

"ಎಲ್ಲಾ ಸರಿ, ಓಡಿಸೋನು ಎಲ್ಲಿ?"

"ಊಟಕ್ಕೆ ಹೋಗಿದಾನೆ," ಎಂದರು ಮಾವ.

ಎಲ್ಲರೂ ನಕ್ಕರು. ಹೆಚ್ಚು ನಕ್ಕವರು ಅತ್ತೆ. ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಬೆಂಕಿಪೆಟ್ಟಿಗೆ ಈಗ ಮಾವನ ಜುಬ್ಬದ ಬಲಜೇಬಿನಲ್ಲಿರುತ್ತಿತ್ತು. ನಡುಗುವ ಕೈಯನ್ನು ಮರೆಮಾಡಲು ಅದೇ ಜೇಬಿಗೆ ಇಳಿಬಿಡುತ್ತಿದ್ದರು. ಒಳಗೆ ಪೈಲಟ್ ಪೆಟ್ಟಿಗೆಯ ಗೋಡೆಗೆ ಬಡಿದುಕೊಂಡು ಕಟಕಟ ಎನ್ನುತ್ತಿದ್ದ. ನನಗೆ ಕೇಳುತ್ತಿತ್ತು. ಅತ್ತೆಗೂ ಕೇಳುತ್ತದೆಂದು ನಮಗೆ ಹೊಳೆದಿರಲಿಲ್ಲ.

ಒಂದು ಬೆಳಿಗ್ಗೆ ಒಲೆಯ ಲೈಟರು ಕೆಟ್ಟಿತು.

"ರೀ, ಜೇಬಲ್ಲಿ ಬೆಂಕಿಪೆಟ್ಟಿಗೆ ಸದ್ದಾಗ್ತಿರುತ್ತಲ್ಲ, ಕೊಡಿ ಇಲ್ಲಿ."

"ಬೇಡ... ಅದು ಒದ್ದೆಯಾಗಿದೆ," ಎಂದು ಮಾವ ತಡವರಿಸಿದರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ. ಅತ್ತೆ ನಗುತ್ತಲೇ ಜೇಬಿಗೆ ಕೈಹಾಕಿ ಪೆಟ್ಟಿಗೆ ತೆಗೆದು ತೆರೆದರು.

ಹಾಲಿನ ಪಾತ್ರೆ ಹಿಡಿದು ನಿಂತಿದ್ದ ನಾನು ಅಲ್ಲಾಡಲಿಲ್ಲ. ಅತ್ತೆ ಅಂಗೈಯನ್ನು ಕಣ್ಣಿನ ಹತ್ತಿರ ತಂದರು. ಆ ಪುಟ್ಟ ಮನುಷ್ಯ, ಅವನ ತೆರೆದ ತುಟಿ, ಬಿಳಿ ಗೆರೆ. ತಲೆ ಎತ್ತಿ ಮೇಜಿನ ಮೇಲಿನ ವಿಮಾನ ನೋಡಿದರು. ಖಾಲಿ ಸೀಟು ನೋಡಿದರು. ಅತ್ತೆ ದಡ್ಡಿಯಲ್ಲ, ಹಲ್ಲು ಮಾಡುವವನ ಜೊತೆ ಬಾಳಿದವರು. ಯಾವುದು ಮೊದಲು ಕೂರಬೇಕು, ಯಾವುದು ಆಮೇಲೆ ಎಂದು ಬಿಡಿಸಿ ಹೇಳಬೇಕಿರಲಿಲ್ಲ.

ಪೆಟ್ಟಿಗೆ ಮುಚ್ಚಿ ಮತ್ತೆ ಮಾವನ ಜೇಬಿಗೇ ಹಾಕಿದರು. ಜೇಬಿನ ಮೇಲೆ ಸ್ವಲ್ಪ ಹೊತ್ತು ಕೈ ಒತ್ತಿ ಹಿಡಿದರು.

"ಇದ್ರಲ್ಲಿ ಕಡ್ಡಿ ಇಲ್ಲ," ಎಂದರು.

ಟೈಲರ ಮನೆಯಿಂದ ಕಡ್ಡಿ ತರುತ್ತೇನೆಂದು ಹೋದವರು ಬಹಳ ಹೊತ್ತು ಬರಲಿಲ್ಲ. ಬಂದಾಗ ಮುಖ ತೊಳೆದುಕೊಂಡಿದ್ದರು. ಒಲೆ ಹಚ್ಚಿ ಹಾಲಿಟ್ಟರು.

ಆ ವಾರ ನಾದಿನಿ ಬಂದಳು. ಬಂದವಳೇ ಮೇಜಿನ ಹತ್ತಿರ ಹೋಗಿ, "ಅಮ್ಮಾ, ಮೇಲಿನ ರೆಕ್ಕೆ ನೀನೇ ಕೂರಿಸಿದ್ದಂತೆ? ಭಲೇ!" ಎಂದಳು.

"ಯಾರು ಹೇಳಿದ್ದು ನಿನಗೆ?" ಅತ್ತೆ ರೇಗಿದರು. "ನಾನು ಮುಟ್ಟೇ ಇಲ್ಲ. ಎಲ್ಲಾ ನಿಮ್ಮಪ್ಪಂದೇ ಕೈಕೆಲಸ."

ಮಾವ ಬಲಗೈಯನ್ನು ಜೇಬಿಗೆ ಇಳಿಬಿಟ್ಟರು. ಕಟಕಟ ಸದ್ದು ಶುರುವಾಯಿತು.

"ಏನದು ಸದ್ದು?" ಎಂದಳು ನಾದಿನಿ. ನಾವು ಮೂವರೂ ಒಟ್ಟಿಗೇ, ಜೋರಾಗಿ, ಬೇರೇನೋ ಮಾತಾಡತೊಡಗಿದೆವು.