ಒಡ್ಡಿನಲ್ಲಿ ಹೂತ ತಲೆ

ಗುತ್ಯಮ್ಮ, ನಾನು ಸುಳ್ಳು ಬರೆದೆ. ಆ ಸುಳ್ಳಿಗೆ ನಿನ್ನ ಮಗ ಗಣಪನ ಬಲಗೈಯ ಮೂರು ಬೆರಳು ಹೋದವು. ಹನ್ನೊಂದು ವರ್ಷ ಇದನ್ನು ನುಂಗಿಕೊಂಡು, ಸಾಗರದಲ್ಲಿ ಜಾನಪದ ವಿದ್ವಾಂಸನೆಂದು ಶಾಲು ಹೊದ್ದು ಓಡಾಡಿದೆ — ಥೂ, ನನ್ನ ಜನ್ಮಕ್ಕೆ!

ಬ್ಯಾಕೋಡಿನಾಚೆಯ ನಿಮ್ಮ ಊರಿಗೆ ಊರದೇವತೆ ಚೌಡಿಯ ಕಥೆ ಕೇಳಲು ಬಂದಿದ್ದೆ. ನೀನು ಜಗಲಿಯಲ್ಲಿ ಕೂತು ಹಾಡಿದೆ, ನಾನು ಮೊಬೈಲಿನಲ್ಲಿ ತುಂಬಿಕೊಂಡೆ. ನಿನ್ನ ಹಾಡು ಹೇಳಿದ್ದು ಇದು: ಕೆರೆಯ ಒಡ್ಡು ನಿಲ್ಲುತ್ತಿಲ್ಲವೆಂದು, ಊರಾಳುವ ದೊಡ್ಡಮನೆಯ ಹಿರಿಯನೊಬ್ಬ ಹಿಂದೆ ನಿಮ್ಮ ಮನೆತನದ ಆಳುಹೆಣ್ಣಿನ ತಲೆ ಕಡಿದು ಬಿರುಕಿಗೆ ತುರುಕಿದ, ಅವಳೇ ಚೌಡಿಯಾದಳು, ಅದಕ್ಕೇ ಹಬ್ಬದ ಮೊದಲ ಕೋಳಿ ಕೊಯ್ಯುವ ಹಕ್ಕು ನಿಮ್ಮದು. ದೊಡ್ಡಮನೆಯವರು ಬೇರೆಯೇ ಹೇಳಿದರು — ದೇವಿ ಅವರ ಹಿರಿಯನ ಕನಸಿಗೆ ಬಂದು, ತಾನಾಗಿ ಕಲ್ಲಾಗಿ ನಿಂತಳಂತೆ.

ನಾನು ಕನಸನ್ನಷ್ಟೇ ಬರೆದೆ. ಊರುಗಳು ಹುಟ್ಟುವುದು ದೇವರ ಕನಸಿನಿಂದ ಎಂಬುದು ನನ್ನ ಪುಸ್ತಕದ ವಾದ. ನಿನ್ನ ಹಾಡು ಅದಕ್ಕೆ ಅಡ್ಡ ಬರುತ್ತಿತ್ತು. ದೊಡ್ಡಮನೆಯಲ್ಲಿ ಉಂಡಿದ್ದೆ ಕೂಡ... ‘ಈ ಕಥೆಗೆ ಬೇರೆ ಪಾಠ ದೊರೆತಿಲ್ಲ’ ಎಂದು ಅಡಿಟಿಪ್ಪಣಿ ಬೇರೆ!

ಮರುವರ್ಷದ ಹಬ್ಬಕ್ಕೆ ನನ್ನನ್ನು ಅತಿಥಿಯಾಗಿ ಕರೆದರು. ಗಣಪ ಕೋಳಿ ಹಿಡಿದು ಚೌಡಿಯ ಕಲ್ಲಿನ ಮುಂದೆ ಬಂದಾಗ ದೊಡ್ಡಮನೆಯ ಯಜಮಾನ ನನ್ನ ಪುಸ್ತಕ ಎತ್ತಿ ಹಿಡಿದ.

“ಇದ್ರಾಗೆ ನಿಮ್ ಹೆಸ್ರೇ ಇಲ್ಲ. ಹಿಂದೆ ಸರಿಯೋ!”

ನೀನು ನನ್ನ ಕಡೆ ತಿರುಗಿದೆ. “ಮೇಷ್ಟ್ರೇ, ನಾ ಹಾಡಿದ್ದು ಹೇಳ್ರಿ. ತುಂಬ್ಕಂಡು ಹೋಗಿದ್ರಲ್ಲ!”

“ಪುಸ್ತಕದಲ್ಲಿರುವುದೇ ಸರಿ” ಎಂದೆ.

ಗಣಪ ಸರಿಯಲಿಲ್ಲ. ಬಡಿಗೆ ಅವನ ದವಡೆಗೆ ಬಿತ್ತು. ಹಲ್ಲು ಉಗುಳಿ ಎದ್ದ, ಮತ್ತೆ ಕಲ್ಲಿನ ಮೇಲೆ ಕೈಯೂರಿದ. ಯಜಮಾನನ ತಮ್ಮ ಕತ್ತಿ ಬೀಸಿದ. ಬೆರಳುಗಳು ಅರಿಶಿನ ಕುಂಕುಮದ ಮೇಲೆ ಬಿದ್ದದ್ದನ್ನು ನಾನು ನೋಡಿದೆ — ನೀನು ಅವನ್ನು ಸೆರಗಿಗೆ ಆಯ್ದುಕೊಂಡದ್ದನ್ನೂ. ಕೋಳಿಯನ್ನು ಅವರೇ ಕೊಯ್ದರು. ನಾನು ಕಾರಿಗೆ ಓಡಿದೆ. ಹಿನ್ನೀರು ದಾಟಿಸುವ ತುಮರಿಯ ಲಾಂಚಿಗೆ ಕಾಯುತ್ತಾ, ಪೊಲೀಸರು ಕೇಳಿಬಿಟ್ಟರೆ ನನ್ನ ಸುಳ್ಳು ಹೊರಬೀಳುತ್ತದೆ ಎಂಬ ಪುಕ್ಕಲುತನಕ್ಕೆ, ನಿನ್ನ ಹಾಡನ್ನು ಮೊಬೈಲಿನಿಂದ ಅಳಿಸಿದೆ.

ನೀನು ತೀರಿಕೊಂಡೆಯೆಂದು ತಿಳಿದು ಹೋದ ತಿಂಗಳು ನಿನ್ನ ಮನೆಗೆ ಬಂದೆ. ಗಣಪ ಬೈಯಲಿಲ್ಲ. ಚಾಪೆ ಹಾಸಿದ.

“ಅವ್ವನ ಹಾಡು ನಂಗೆ ಪೂರಾ ಬರಲ್ಲ. ನಿಮ್ಮತ್ರ ಇದೆಯಲ್ಲ, ಕೊಡ್ರಿ. ಮಗಳಿಗೆ ಕಲಿಸ್ತೀನಿ.”

ಅಳಿಸಿದೆ ಎಂದೆ. ಅವನು ಎದ್ದು ಒಳಗೆ ಹೋದ.

ಈ ಸಲದ ಹಬ್ಬದಲ್ಲಿ ಆ ಕಲ್ಲಿನ ಮುಂದೆಯೇ ನಿಂತು, ತಲೆ ಕಡಿದದ್ದು ಯಾರು, ಸುಳ್ಳು ಬರೆದದ್ದು ಯಾರು ಎಂದು ಕೂಗಿ ಹೇಳುತ್ತೇನೆ. ಬಡಿಗೆ ಬಿದ್ದರೆ ಬೀಳಲಿ. ಆದರೆ ಹಾಡು, ಗುತ್ಯಮ್ಮ — ಎಷ್ಟು ತಲೆ ಚಚ್ಚಿಕೊಂಡರೂ ಅದರ ಒಂದು ಸಾಲೂ ನನಗೆ ನೆನಪಾಗುತ್ತಿಲ್ಲ.