ಇಪ್ಪತ್ತೈದನೆಯ ಫಾರಂ

ನಮ್ಮ ಲೈಬ್ರರಿಯ ಪುಸ್ತಕಗಳಿಗೆ ಬೈಂಡು ಹಾಕುವ ಅಂಟಣ್ಣನಿಗೆ ಒಂದು ಕೆಟ್ಟ ಚಟ. ಕುಡಿತವಲ್ಲ, ಇಸ್ಪೀಟಲ್ಲ; ಓದು. ಕೈಗೆ ಬಂದ ಪುಸ್ತಕವನ್ನು ಓದದೆ ರಟ್ಟು ಕಟ್ಟಿದರೆ ಅವನಿಗೆ ಉಂಡದ್ದು ಅರಗುವುದಿಲ್ಲ. ಹದಿನೈದು ದಿನದಲ್ಲಿ ಬರಬೇಕಾದ ಪುಸ್ತಕಗಳು ತಿಂಗಳಾದರೂ ಬರುವುದಿಲ್ಲ, ಮೇಲಿನವರಿಂದ ಬೈಸಿಕೊಳ್ಳುವವಳು ನಾನು. ನನಗಿಂತ ನಾಲ್ಕು ವರ್ಷ ದೊಡ್ಡವನಾದರೂ ನನ್ನನ್ನು ‘ಅಕ್ಕಾ’ ಎನ್ನುತ್ತಾನೆ. ಅದು ನನಗಲ್ಲ, ನಾನು ಕೂರುವ ಕುರ್ಚಿಗೆ ಸಲ್ಲುವ ಮರ್ಯಾದೆ ಎಂದು ನನಗೆ ಗೊತ್ತು.

ಆರು ವರ್ಷದ ಹಿಂದೆ ಅವನಿಗೆ ಈ ಹೆಸರಿರಲಿಲ್ಲ. ಆಗ ಅವನೂ ಅವನ ಅಣ್ಣನೂ ಹಿಂದಿನ ಬೀದಿಯಲ್ಲಿ ಅಪ್ಪನ ಕಾಲದ ಬೈಂಡಿಂಗ್ ಅಂಗಡಿ ನಡೆಸುತ್ತಿದ್ದರು. ಬೈಂಡಿಂಗಿನಲ್ಲಿ ಹದಿನಾರು ಪುಟದ ಒಂದು ಮಡಿಕೆಗೆ ಫಾರಂ ಎನ್ನುತ್ತಾರೆ. ಫಾರಂಗಳನ್ನು ತಮ್ಮನಾದವನು ಮಡಿಸಿ, ಎಣಿಸಿ, ಜೋಡಿಸಿ ಕೊಡಬೇಕು. ಅಣ್ಣ ಮೇಣ ಹಚ್ಚಿದ ದಾರದಲ್ಲಿ ಹೊಲಿಯಬೇಕು. ಎದುರು ಬೀದಿಯ ದೊಡ್ಡ ಅಂಗಡಿಯವರು ಹೊಲಿಗೆಯ ಗೋಜಿಗೇ ಹೋಗದೆ ಬೆನ್ನಿಗೆ ಅಂಟು ಬಳಿದು ಕೈ ತೊಳೆದುಕೊಳ್ಳುತ್ತಿದ್ದರು. ಅವರ ಪುಸ್ತಕ ಕೈಗೆ ಸಿಕ್ಕರೆ ಸಾಕು, ಅಣ್ಣತಮ್ಮ ಇಬ್ಬರೂ ಬಿಡಿಸಿ ನೋಡಿ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು.

ಒಂದು ದಿನ ಓದಿನಲ್ಲಿ ಮೈಮರೆತ ತಮ್ಮ, ಯಾವುದೋ ಆಫೀಸಿನ ಇನ್ನೂರು ವರದಿಗಳಿಗೆ ರಟ್ಟನ್ನು ತಲೆಕೆಳಗಾಗಿ ಕೂರಿಸಿಬಿಟ್ಟ. ಅಣ್ಣ ಕಿರುಚಾಡಲಿಲ್ಲ. “ಓದೋದೇ ಆದ್ರೆ ಓದ್ಕೊಂಡಿರು. ಇನ್ಮೇಲೆ ಈ ಮೆಟ್ಟಿಲು ಹತ್ಬೇಡ” ಎಂದನಂತೆ. ಬೇರೆ ಕೆಲಸ ಬಾರದ ತಮ್ಮ ಹೋಗಿ ಸೇರಿದ್ದು ಅದೇ ಎದುರು ಬೀದಿಯ ಅಂಗಡಿಗೆ. ಅಂಟಿನವರನ್ನು ಆಡಿಕೊಂಡವನಿಗೆ ಅಲ್ಲಿಯ ಕೆಲಸಗಾರರು ಅಂಟಣ್ಣ ಎಂದು ಹೆಸರಿಟ್ಟು ಸೇಡು ತೀರಿಸಿಕೊಂಡರು. ಆದರೆ ಆ ಅಂಗಡಿಯ ಯಜಮಾನ್ತಿ ಒಳ್ಳೆಯ ಹೆಂಗಸು. ಕಿಟಕಿ ಪಕ್ಕದ ಜಾಗ ಕೊಟ್ಟಳು, ಮಧ್ಯಾಹ್ನ ಅರ್ಧ ಗಂಟೆ ಓದಿಕೋ ಎಂದಳು. ಇಷ್ಟಾದರೂ ಅಣ್ಣ ಒಂದು ಮಾತು ಕರೆಯಲಿ ಎಂದು ಈ ಮನುಷ್ಯ ಆರು ವರ್ಷದಿಂದ ಕಾಯುತ್ತಿದ್ದ. ಅವನ ಸೆಟೆದ ಕುತ್ತಿಗೆ ನೋಡಿದರೆ ಯಾರೂ ನಂಬುತ್ತಿರಲಿಲ್ಲ, ನಾನೂ ನಂಬಿರಲಿಲ್ಲ.

ಈ ಸಲ ಬೈಂಡಿಂಗಿಗೆ ಹೋದ ಕಟ್ಟಿನಲ್ಲಿ ಒಂದು ಮಾಯಾಲೋಕದ ಕಾದಂಬರಿ ಇತ್ತು. ಅದರಲ್ಲಿ ಒಬ್ಬ ಸೈನಿಕ. ರಾಜ ಅವನನ್ನು ಗಡೀಪಾರು ಮಾಡುತ್ತಾನೆ. ಅವನು ಮಾತಾಡುವ ಬೆಟ್ಟಗಳನ್ನು ದಾಟಿ, ತಾನೇ ಹತ್ತು ವರ್ಷ ಕಾದಾಡಿದ ಶತ್ರುಗಳ ಕೋಟೆಗೆ ಕಾವಲುಗಾರನಾಗುತ್ತಾನೆ. ಶತ್ರುಗಳ ರಾಣಿ ಅವನಿಗೆ ಕುದುರೆ ಕೊಡುತ್ತಾಳೆ, ಬೆಚ್ಚನೆ ಹಾಸಿಗೆ ಕೊಡುತ್ತಾಳೆ. ಅವನೋ ಸಂಜೆಯಾದರೆ ಕೋಟೆಯ ಗೋಡೆ ಹತ್ತಿ ತನ್ನ ನಾಡಿನ ದಿಕ್ಕಿಗೆ ನೋಡುತ್ತಾ ನಿಲ್ಲುತ್ತಾನೆ.

ನಾಲ್ಕನೆಯ ದಿನ ಅಂಟಣ್ಣ ಪುಸ್ತಕವನ್ನು ಎದೆಗವುಚಿಕೊಂಡು ನನ್ನ ಮೇಜಿನ ಮುಂದೆ ನಿಂತ.

“ಅಕ್ಕಾ, ಇದರ ಕೊನೇ ಹಾಳೆಗಳೆಲ್ಲಿ? ಹಳೇ ರಾಜನ ದೂತ ಬಂದು ‘ನಿನ್ನ ರಾಜ ಹೇಳಿ ಕಳಿಸಿದ್ದಾನೆ’ ಅಂತಾನೆ. ಅಷ್ಟೇ, ಮುಂದೆ ರಟ್ಟು!”

“ಯಾರೋ ಹರ್ಕೊಂಡು ಹೋಗಿದ್ದಾರೆ ಕಣಯ್ಯ.” ಮೂರು ವರ್ಷದಿಂದ ನಾನು ಓದುಗರ ಮೇಲೆಯೇ ಗೂಬೆ ಕೂರಿಸಿದ್ದೆ.

“ಹರಿದಿದ್ರೆ ದಾರದಲ್ಲಿ ಚೂರು ಉಳೀತಿತ್ತು. ಇಪ್ಪತ್ನಾಲ್ಕೇ ಫಾರಂ ಹೊಲಿದಿದ್ದಾರೆ. ಇಪ್ಪತ್ತೈದನೇದು ಹೊಲಿಗೆಗೇ ಬಂದಿಲ್ಲ.” ಬೆನ್ನನ್ನು ಬಿಡಿಸಿ ತೋರಿಸಿದ. “ಗಂಟು ನೋಡಿ, ಎಡಕ್ಕೆ ಬಿದ್ದಿದೆ. ನಮ್ಮಣ್ಣ ಎಡಚ.”

ಮೂರು ವರ್ಷದ ಹಿಂದೆ ಆ ಪುಸ್ತಕ ಹಿಂದಿನ ಬೀದಿಗೇ ಹೋಗಿತ್ತು ಎಂದು ನನ್ನ ರಿಜಿಸ್ಟರೂ ಹೇಳಿತು. ಅಣ್ಣನ ತಪ್ಪು ಸಿಕ್ಕಿತಲ್ಲ, ಇನ್ನು ಇವನು ಊರೆಲ್ಲ ಡಂಗುರ ಹೊಡೆಯುತ್ತಾನೆ ಎಂದುಕೊಂಡೆ. ಅಂಟಣ್ಣ ಮಾತ್ರ ಹೊಲಿಗೆಯ ಮೇಲೆ ಬೆರಳಾಡಿಸುತ್ತಾ ನಿಂತೇ ಇದ್ದ. ಒಂದು ತೂತಿನ ಪಕ್ಕದಲ್ಲಿ ಇನ್ನೊಂದು ತೂತು, ಅದರ ಪಕ್ಕದಲ್ಲಿ ಮತ್ತೊಂದು. ಸೂಜಿ ಜಾಗ ಹುಡುಕಿಕೊಂಡು ಅಲೆದದ್ದು ನನಗೂ ಕಂಡಿತು.

“ಅಣ್ಣನಿಗೆ ಕಣ್ಣು ಕಾಣ್ತಿಲ್ಲ ಅಕ್ಕಾ,” ಎಂದ. “ಎಣಿಸಿ ಕೊಡೋರೂ ಯಾರಿಲ್ಲ.” ಪುಸ್ತಕವನ್ನು ಮೆಲ್ಲಗೆ ಮುಚ್ಚಿದ. “ಆರು ವರ್ಷದಿಂದ ಆ ಬೀದೀಲಿ ಕಾಲಿಟ್ಟಿಲ್ಲ ನಾನು. ಬಳಸಿಕೊಂಡು ಮನೆಗೆ ಹೋಗ್ತೀನಿ. ಆ ಮೇಣದ ವಾಸನೆ ಮೂಗಿಗೆ ಬಂದ್ರೆ ಸೀದಾ ಒಳಗೆ ನುಗ್ಗಿಬಿಡ್ತೀನೇನೋ ಅಂತ ಭಯ.”

ಹೇಳಿ ಕೇಳಿ ನಾನು ಬಾಯಿಬಡುಕಿ. “ಹಾಗಾದ್ರೆ ನುಗ್ಗು! ಲೈಬ್ರರಿ ಪುಸ್ತಕ, ಹಾಳೆ ಬೇಕೇ ಬೇಕು ಅಂದಿದ್ದಾರೆ ಅನ್ನು. ನನ್ನ ಹೆಸರು ಹೇಳು” ಎಂದೆ. ಯಜಮಾನ್ತಿಯೂ ಹೋಗಿ ಬಾ ಎಂದಳಂತೆ. ಮಾರನೆಯ ದಿನ ಊಟದ ಹೊತ್ತಿಗೆ ಅವನು ಹೋದ.

ನನಗೆ ತಡೆಯಲಾಗಲಿಲ್ಲ. ಮಧ್ಯಾಹ್ನ ಮೂರಕ್ಕೆ ಏನೋ ನೆಪ ಹೇಳಿ ಹಿಂದಿನ ಬೀದಿಗೆ ಹೋದೆ. ಅಂಗಡಿಯೊಳಗೆ ಅಣ್ಣ, ಮೂಗಿಗೆ ತಾಗುವಷ್ಟು ಹತ್ತಿರ ಪುಸ್ತಕ ಹಿಡಿದು ಹೊಲಿಯುತ್ತಿದ್ದ. ಹೊರಗೆ, ಮೆಟ್ಟಿಲಿನ ಕೆಳಗೆ, ರಸ್ತೆಯ ಮೇಲೆ ಅಂಟಣ್ಣ ಮಂಡಿ ಮಡಿಸಿ ಕೂತಿದ್ದ. ಅವನ ಸುತ್ತ ಫಾರಂಗಳ ರಾಶಿ. ಜೋಡಿಸಿದ ಕಟ್ಟನ್ನು ಅವನು ಮೆಟ್ಟಿಲ ಮೇಲಿಡುತ್ತಿದ್ದ, ಅಣ್ಣ ಎದ್ದು ಬಂದು ತಡಕಾಡಿ ಒಯ್ಯುತ್ತಿದ್ದ. ನಾನು ಬಂದ ದಾರಿಯಲ್ಲೇ ವಾಪಸಾದೆ.

ಸಂಜೆ ಲೈಬ್ರರಿ ಮುಚ್ಚುವ ಹೊತ್ತಿಗೆ ಅವನು ಬಂದ. ಪ್ಯಾಂಟಿನ ಹಿಂದೆಲ್ಲ ಧೂಳು.

“ಸಿಕ್ತಾ ಹಾಳೆ? ಆ ದೂತ ಏನಂದ?”

ಅವನು ಪೆಚ್ಚಾಗಿ ನನ್ನ ಮುಖ ನೋಡಿದ. “ಕೇಳೋದೇ ಮರ್ತೆ ಅಕ್ಕಾ.”

“ಹೋಗ್ಲಿ, ನಿಮ್ಮಣ್ಣ ಒಳಗೆ ಬಾ ಅಂದ್ರಾ?”

“ಇಲ್ಲ. ರಾಶಿ ತಂದು ಮೆಟ್ಟಿಲ ಮೇಲಿಟ್ಟು ‘ಎಣಿಸು’ ಅಂದ್ರು. ಇನ್ನೊಂದು ಮಾತಾಡ್ಲಿಲ್ಲ.”

ನನಗೆ ಮೈ ಉರಿಯಿತು. ಅಷ್ಟಕ್ಕೆ ರಸ್ತೆಯಲ್ಲಿ ಕೂತು ಬಂದೆಯಾ ಎಂದು ಕೇಳಿಯೇಬಿಟ್ಟೆ.

ಅಂಟಣ್ಣ ಬಾಗಿಲ ಚೌಕಟ್ಟು ಹಿಡಿದು ನಿಂತ. “ಮೂವತ್ತು ವರ್ಷ ನಾನು ಎಣಿಸಿ ಕೊಟ್ಟದ್ದನ್ನ ತಾನೊಂದು ಸಲ ಎಣಿಸದೆ ಸೂಜಿ ಮುಟ್ಟಿದೋರಲ್ಲ ನಮ್ಮಣ್ಣ. ಇವತ್ತು ಎಣಿಸ್ಲಿಲ್ಲ. ಕಣ್ಣು ಕಾಣಲ್ಲ ಅಂತಲೋ ಏನೋ, ಗೊತ್ತಿಲ್ಲ. ಹಾಗೇ ಹೊಲಿಯೋಕೆ ಕೂತ್ರು ಅಕ್ಕಾ.”