ಅಳಿಸಿದ ಒಂಬತ್ತುಗಳನ್ನು ಹುಡುಕಿಕೊಂಡು

ಶನಿವಾರ ಬೆಳಗಿನ ಎಂಟಕ್ಕೆ ಘಟಪ್ರಭಾದಲ್ಲಿ ರೈಲು ಇಳಿದೆ. ಚಹಾ ಕುಡಿಯುವಷ್ಟೂ ತಾಳ್ಮೆ ಇರಲಿಲ್ಲ. ಗೋಕಾಕದ ಬಸ್ಸು ಹೊರಡುತ್ತಿರುವುದು ಕಂಡು ಓಡಿ ಹತ್ತಿದೆ. ಒಳಗೆಲ್ಲ ಉಚಿತ ಟಿಕೆಟ್ಟಿನ ಹೆಂಗಸರು. "ರೊಕ್ಕ ಕೊಡಾವ್ರು ನೀವ್ ನಾಕ ಮಂದಿ ಅದೀರಿ, ಲಗೂ ಕೊಡ್ರಿ" ಎಂದು ಕಂಡಕ್ಟರ್ ಚೇಷ್ಟೆ ಮಾಡಿದ. ಇಪ್ಪತ್ತು ರೂಪಾಯಿ ಕೊಟ್ಟೆ. ನಗು ಬರಲಿಲ್ಲ.

ನಾನು ಹುಡುಕಿಕೊಂಡು ಹೊರಟದ್ದು ಸುವರ್ಣಕ್ಕನನ್ನು. ಎರಡು ವರ್ಷದ ಹಿಂದಿನವರೆಗೆ ಅವರು ನಮ್ಮ ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂತು ಗೆರೆ ಎಣಿಸುತ್ತಿದ್ದರು. ಗಾಜಿನ ಫಲಕ, ಅದರ ಮೇಲೆ ಹಳೆಯ ಕ್ಯಾಮೆರಾ ಫಿಲ್ಮಿನಂಥ ಲೇಪ. ಭಾರಿ ವೇಗದಲ್ಲಿ ಬಂದ ಪರಮಾಣುವಿನ ಬೀಜವೊಂದು ಲೇಪದೊಳಗಿನ ಇನ್ನೊಂದು ಬೀಜಕ್ಕೆ ಡಿಕ್ಕಿ ಹೊಡೆದರೆ ಹೊಸ ಕಣಗಳು ಹುಟ್ಟಿ ತೆಳು ಗೆರೆ ಎಳೆದುಕೊಂಡು ಹೋಗುತ್ತವೆ. ಪೆಟ್ಟು ತಿಂದ ಬೀಜದ ಚೂರುಗಳು ದಪ್ಪ ಗೆರೆ ಬಿಡುತ್ತವೆ. ದಪ್ಪ ಗೆರೆ ಎಂಟಕ್ಕಿಂತ ಹೆಚ್ಚಿದ್ದರೆ ಪೆಟ್ಟು ತಿಂದದ್ದು ಬೆಳ್ಳಿಯಂಥ ಭಾರದ ಬೀಜ, ಕಡಿಮೆಯಿದ್ದರೆ ಬಹುಮಟ್ಟಿಗೆ ಆಕ್ಸಿಜನ್‌ನಂಥ ಹಗುರದ್ದು. ಯಾವುದರಿಂದ ಎಷ್ಟು ಹೊಸ ಕಣ ಹುಟ್ಟಿತು ಎಂಬುದೇ ನನ್ನ ಸಂಶೋಧನೆ.

ಒಂದು ಫಲಕದಲ್ಲಿ ಅವರ ಎಣಿಕೆ ನನ್ನ ಗ್ರಾಫಿಗೆ ಒಗ್ಗಲಿಲ್ಲ. ನಾನು ಸೂಕ್ಷ್ಮದರ್ಶಕವನ್ನು ಮುಟ್ಟಲೂ ಇಲ್ಲ. ರಿಜಿಸ್ಟರಿನಲ್ಲಿ ಅವರು ಪೆನ್ಸಿಲಿನಿಂದ ಬರೆದ ಒಂಬತ್ತು, ಹತ್ತುಗಳನ್ನು ಅಳಿಸಿ ಏಳು ಮಾಡಿದೆ. "ನಿಮ್ಮದು ತಪ್ಪಾಗಿತ್ತು, ನಾನೇ ಮತ್ತೆ ನೋಡಿ ತಿದ್ದಿದೆ" ಎಂದು ಅವರಿಗೆ ಸುಳ್ಳನ್ನೂ ಹೇಳಿದೆ. ಮುಂದಿನ ತಿಂಗಳೇ ಅವರು ಕೆಲಸ ಬಿಟ್ಟು ಹೋದರು. ಈಚೆಗೆ ಬೇರೆ ಫಲಕಗಳನ್ನು ಹೊಸಬರು ಎಣಿಸಿದರೆ ಸುವರ್ಣಕ್ಕನ ಅಂಕಿಗಳಂಥವೇ ಬರುತ್ತಿವೆ. ನಾನು ತಿದ್ದಿದ ಫಲಕದ ಲೇಪ ಮಳೆಗಾಲದ ತೇವಕ್ಕೆ ಸುಲಿದುಹೋಗಿದೆ. ಸೋಮವಾರ, ತಿದ್ದಿದ ಅಂಕಿಗಳ ಮೇಲೆ ಬರೆದ ನನ್ನ ಲೇಖನ ಅಚ್ಚಿಗೆ ಹೋಗುವುದಿತ್ತು. ನಿಜವಾದ ಅಂಕಿಗಳು ಎಲ್ಲಾದರೂ ಉಳಿದಿದ್ದರೆ ಅವರು ಮೊದಲು ಗೀಚಿಕೊಳ್ಳುತ್ತಿದ್ದ ಕಚ್ಚಾ ವಹಿಯಲ್ಲಿ ಮಾತ್ರ. ಅವರ ಫೋನ್ ನಂಬರೂ ಈಗ ಬೇರೆ ಯಾರದೋ ಆಗಿತ್ತು.

ಗೋಕಾಕದ ಮನೆಗೆ ಬೀಗ. ಮೂಡಲಗಿಯ ಅಕ್ಕನ ಮನೆಯಲ್ಲಿರಬಹುದು ಎಂದರು ಪಕ್ಕದವರು. ಗೋಕಾಕಕ್ಕೆ ಹೋಗಿ ಕರದಂಟು ತರದೆ ಬಂದೆನೆಂದು ಬೈಯುವವರು ಬೈಯಲಿ, ಅಂಗಡಿಗಳ ಕಡೆ ತಿರುಗಿಯೂ ನೋಡಲಿಲ್ಲ. ಮೂಡಲಗಿಯ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳಿತು. ನಾನು ಗಳಿಗೆಗೊಮ್ಮೆ ಗಡಿಯಾರ ನೋಡುತ್ತಿದ್ದೆ.

"ಆಕಿ ಯಮಕನಮರಡಿಗಿ ಹೋಗಿ ಆರ ತಿಂಗಳಾತ್ರಿ. ಹೈವೇ ಬಾಜೂ ಖಾನಾವಳ್ಯಾಗ ರೊಟ್ಟಿ ಬಡಿತಾಳ. ಕುಂದರ್ರಿ, ಊಟ ಮಾಡ್ಕೊಂಡ ಹೋಗೀರಂತ" ಎಂದರು ಅವರಕ್ಕ. ಕೂರಲು ನನ್ನಿಂದಾಗಲಿಲ್ಲ. ಬಂದ ದಾರಿಯಲ್ಲೇ ಹಿಂತಿರುಗಿ, ಹುಕ್ಕೇರಿಯಲ್ಲಿ ಬಸ್ಸು ಬದಲಿಸಿ, ನಿಂತೇ ಎರಡು ಮಿರ್ಚಿ ಭಜಿ ತಿಂದೆ. ಬಿಸಿಲು ಚುರುಗುಟ್ಟುತ್ತಿತ್ತು. ಏನು ಹೇಳಬೇಕೆಂದು ಮನಸ್ಸಿನಲ್ಲೇ ನಾಲ್ಕಾರು ಸಲ ಹೇಳಿಕೊಂಡೆ. ಪ್ರತಿ ಸಲವೂ ನನ್ನ ತಪ್ಪು ಸ್ವಲ್ಪ ಚಿಕ್ಕದಾಗುತ್ತಿತ್ತು.

ಯಮಕನಮರಡಿ ಮುಟ್ಟಿದಾಗ ನಾಲ್ಕು ದಾಟಿತ್ತು. ಖಾನಾವಳಿಯ ಹಿತ್ತಲಲ್ಲಿ ಒಲೆಯ ಮುಂದೆ ಕೂತಿದ್ದ ಸುವರ್ಣಕ್ಕ ನನ್ನನ್ನು ನೋಡಿ ಸೆರಗಿನಿಂದ ಮುಖ ಒರೆಸಿಕೊಂಡರು.

"ಅಯ್ಯ, ಸರ್ರ! ಬರ್ರಿ, ಬರ್ರಿ. ಇಷ್ಟ ದೂರ ಬಂದೀರಿ?"

ನೀರು ಕುಡಿದವನೇ ವಹಿಯ ವಿಷಯ ಕೇಳಿದೆ.

"ಅದನ್ನ ಒಲಿಗಿ ಹಾಕಿದ್ನಿರಿ. ತಪ್ಪ ಎಣಿಸಿದ್ದು ಇಟ್ಕೊಂಡ ಏನ್ ಮಾಡೂದು? ಕಣ್ಣ ಕೆಟ್ಟಾವೇನೋ ಅಂತ ಬೆಳಗಾವಿಗಿ ಹೋಗಿ ತೋರಿಸಿದ್ನಿ. ಏನೂ ಆಗಿಲ್ಲ ಅಂದ್ರು ಡಾಕ್ಟರ್. ಆದ್ರ ನೀವು ಕಲ್ತಾವ್ರು, ನೀವ ನೋಡಿ ತಪ್ಪ ಅಂದ್ಮ್ಯಾಲ ಅವರ ಮಾತ್ ಹೆಂಗ ನಂಬಲಿ? ರೊಟ್ಟಿ ಬಡ್ಯಾಕ ಕಣ್ಣ ಬೇಕಾಗಿಲ್ರಿ, ಕೈ ಸಾಕು."

ವಹಿ ಹೋಯಿತೆಂಬ ದುಃಖ ಆ ಕ್ಷಣಕ್ಕೆ ನೆನಪಿಗೂ ಬರಲಿಲ್ಲ. "ನಿಮ್ಮ ಕಣ್ಣು ಸರಿಯಾಗಿಯೇ ಇದ್ದವು, ಅಕ್ಕ. ನಾನು ನೋಡಲೇ ಇಲ್ಲ. ಸುಮ್ಮನೆ ಅಳಿಸಿದೆ" ಎಂದೆ.

ಅವರು ಬಡಿಯುತ್ತಿದ್ದ ರೊಟ್ಟಿಯನ್ನು ಹಂಚಿಗೆ ಹಾಕಿ, ನೀರು ಸವರಿ, ತಿರುವಿ, ಬೇಯಿಸಿ ತೆಗೆದರು. ಆಮೇಲೆ, "ಇಷ್ಟ ಹೇಳಾಕ ಎರಡ ವರ್ಷ ಬೇಕಾದ್ವೇನ್ರಿ?" ಎಂದರು. ಮುಂದಿನ ರೊಟ್ಟಿಗೆ ಹಿಟ್ಟು ತೆಗೆದುಕೊಂಡರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಹೊರಗೆ ಬಂದು ಮಾರ್ಗದರ್ಶಕರಿಗೆ ಫೋನ್ ಮಾಡಿ, ಆ ಅಂಕಿಗಳು ನಾನು ಹುಟ್ಟಿಸಿದವು ಎಂದು ಒಪ್ಪಿಕೊಂಡೆ. ಅವರು, ಲೇಖನ ನಿಲ್ಲಿಸುತ್ತೇನೆ, ಸೋಮವಾರ ಬಂದು ಕಾಣು ಎಂದರು. ನನ್ನ ಪಿಎಚ್‌.ಡಿ. ಏನಾಗುತ್ತದೋ ಗೊತ್ತಿಲ್ಲ.

ಕರೆಯದಿದ್ದರೂ ಸುವರ್ಣಕ್ಕ ರಸ್ತೆಯವರೆಗೆ ಬಂದರು, ಕೈಯಲ್ಲಿನ್ನೂ ಹಿಟ್ಟು. ಇಬ್ಬರೂ ಬೆಳಗಾವಿಯ ಬಸ್ಸಿಗೆ ಕಾಯುತ್ತ ನಿಂತೆವು. ಹತ್ತರಗಿಯ ದಿಕ್ಕಿಗೆ ದೂರದಲ್ಲಿ ಕೆಂಪಗೆ ಏನೋ ಅಲುಗಾಡಿತು. ಅವರು ಕಣ್ಣು ಕಿರಿದು ಮಾಡಿ ನೋಡಿದರು.

"ನಿಪ್ಪಾಣಿ, ಸಂಕೇಶ್ವರ, ಬೆಳಗಾವಿ" ಎಂದು ಬೋರ್ಡು ಓದಿ, ನನ್ನ ಕಡೆ ತಿರುಗಿ ಅಳುಕುತ್ತ ಕೇಳಿದರು: "ಸರಿ ಐತೇನ್ರಿ, ಸರ್ರ?"

ಅಷ್ಟು ದೂರದಿಂದ ನನಗೆ ಅಕ್ಷರಗಳೇ ಕಾಣುತ್ತಿರಲಿಲ್ಲ. ನೋಡದೆ ಹೇಳುವುದು ಇನ್ನು ಸಾಧ್ಯವಿರಲಿಲ್ಲ. ಬಸ್ಸು ಹತ್ತಿರ ಬರುವವರೆಗೆ ಕಾದು, ಒಂದೊಂದೇ ಹೆಸರು ಓದಿ, "ಸರಿ ಇದೆ, ಅಕ್ಕ" ಎಂದೆ.